ಏನೂ ಆಗಲ್ಲ ಬಿಡವ್ವ

ಆಪರೇಷನ್ನಿಗೆ ಮುಂಚಿನ ಹದಿನೈದು ದಿನದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ‘ಏನೂ ಆಗಲ್ಲ ಬಿಡವ್ವ’. ಮಲೆಬೆನ್ನೂರಿನ ನಮ್ಮ ಮನೆ ಪಡಸಾಲೆಯಲ್ಲಿ ಕೂತು ಚಹಾ ಕುಡಿದವರೆಲ್ಲ ಅದನ್ನೇ ಹೇಳಿದರು. ಹರಿಹರದಿಂದ ಬಂದ ಅತ್ತೆ ಹೇಳಿದರು. ಅಪ್ಪನ ಜೊತೆ ಗದ್ದೆ ಮಾಡೋರು ಹೇಳಿದರು. ಬೆಂಗಳೂರಿನಿಂದ ಫೋನ್ ಮಾಡಿದ ನನ್ನ ಟೀಮ್ ಲೀಡ್ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ. ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ಆದರೆ ಪ್ರತಿಸಲ ಆ ಮಾತು ಕೇಳಿದಾಗಲೂ ನನಗೆ ಅನಿಸುತ್ತಿದ್ದದ್ದು ಒಂದೇ: ಇವರಿಗೆ ಹೇಗೆ ಗೊತ್ತು?

ಆಮೇಲೆ ಕಾಲ ತಿರುಗಿತು. ಆ ಮಾತು ಹೇಳಬೇಕಾದ ಜಾಗದಲ್ಲಿ ನಾನೇ ಕೂತೆ. ಹೇಳಿದೆ ಕೂಡ. ಹೇಳಿ ಏನಾಯ್ತು, ಹೇಳದೆ ಏನಾಯ್ತು ಅನ್ನೋದೇ ಈ ಬರಹ.

ಮೊದಲು ಕಾಯಿಲೆಯ ವಿಷಯ ಹೇಳಿಬಿಡ್ತೀನಿ. ನನಗೆ ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೂ ತಲೆಯ ಹಿಂಭಾಗದಲ್ಲಿ ಸುತ್ತಿಗೆಯಲ್ಲಿ ಹೊಡೆದ ಹಾಗೆ ನೋವು ಬರ್ತಿತ್ತು. ಅರ್ಧ ನಿಮಿಷ, ಹೆಚ್ಚಂದ್ರೆ ಎರಡು ನಿಮಿಷ, ಆಮೇಲೆ ಇಲ್ಲ. ಮೈಗ್ರೇನ್ ಅಂದರು, ಕಣ್ಣು ಅಂದರು, ಕಂಪ್ಯೂಟರ್ ಮುಂದೆ ಕೂರೋ ಕೆಲಸ ಅಂದರು. ಎರಡು ವರ್ಷ ಹಾಗೇ ಹೋಯ್ತು. ಒಂದು ಭಾನುವಾರ ದೋಸೆ ಹುಯ್ಯುವಾಗ ಎಡಗೈ ಹಂಚಿಗೆ ತಾಗಿತು. ನನಗೆ ಮೊದಲು ಗೊತ್ತಾಗಿದ್ದು ಚರ್ಮ ಸುಟ್ಟ ವಾಸನೆ. ಉರಿ ಗೊತ್ತಾಗಲೇ ಇಲ್ಲ. ಕೈ ಮುಟ್ಟಿದರೆ ಮುಟ್ಟಿದ್ದು ತಿಳೀತದೆ, ಬಿಸಿ ಮಾತ್ರ ತಿಳಿಯಲ್ಲ. ಅವತ್ತು ಹೆದರಿದೆ.

ಎಂಆರ್‌ಐನಲ್ಲಿ ಹೆಸರು ಸಿಕ್ಕಿತು: ಕಿಯಾರಿ. ಪ್ರಾಗ್ ನಗರದಲ್ಲಿ ಶವಪರೀಕ್ಷೆ ಮಾಡುತ್ತಿದ್ದ ಹಾನ್ಸ್ ಕಿಯಾರಿ ಅನ್ನೋ ವೈದ್ಯ 1891ರಲ್ಲಿ ವಿವರಿಸಿದ ತೊಂದರೆ ಇದು. ತಲೆಬುರುಡೆಯ ತಳದಲ್ಲಿ ಒಂದು ದೊಡ್ಡ ರಂಧ್ರ ಇರುತ್ತೆ, ಬೆನ್ನುಹುರಿ ಶುರುವಾಗೋದು ಅಲ್ಲಿಂದ. ಕಿರುಮೆದುಳಿನ ಕೆಳತುದಿ ಆ ರಂಧ್ರದೊಳಕ್ಕೆ ಇಳಿದು ಬಿರಡೆಯ ಹಾಗೆ ಕೂತುಬಿಡುತ್ತೆ. ಸಾಮಾನ್ಯವಾಗಿ 5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಕಿಯಾರಿ ಅಂತಾರೆ. ನನ್ನದು 11 ಮಿಲಿಮೀಟರ್ ಇಳಿದಿತ್ತು. ಜೊತೆಗೆ ಬೆನ್ನುಹುರಿಯ ಒಳಗೆ ನೀರು ತುಂಬಿದ ಒಂದು ಕೊಳವೆ, ಅದಕ್ಕೆ ಸಿರಿಂಕ್ಸ್ ಅಂತಾರೆ. ಬಿಸಿ ಮತ್ತು ನೋವಿನ ಸುದ್ದಿ ಒಯ್ಯುವ ನರಗಳನ್ನು ಅದು ಒಳಗಿಂದ ಒತ್ತುತ್ತಿತ್ತು. ಹಂಚಿನ ಬಿಸಿ ನನಗೆ ಯಾಕೆ ಗೊತ್ತಾಗಲಿಲ್ಲ ಅನ್ನೋದು ಆಗ ಅರ್ಥ ಆಯ್ತು.

ಅಪ್ಪನಿಗೆ ಇದನ್ನು ಹೇಗೆ ಹೇಳೋದು? ನಮ್ಮೂರಲ್ಲಿ ಅದು ಕಷ್ಟ ಇಲ್ಲ. ಲಕ್ಕವಳ್ಳಿಯ ಭದ್ರಾ ಡ್ಯಾಮಿನ ನೀರು ನಾಲೆಯಲ್ಲಿ ನಮ್ಮ ಗದ್ದೆ ತನಕ ಬರಬೇಕು. ಮಲೆಬೆನ್ನೂರು ಶಾಖಾ ನಾಲೆಯ ಕೊನೆ ಭಾಗದ ರೈತರಿಗೆ ನೀರು ಮುಟ್ಟೋದೇ ಒಂದು ದೊಡ್ಡ ಜಗಳ. ‘ಅಪ್ಪಾ, ಮೆದುಳಿನ ಸುತ್ತ ನೀರು ಇರುತ್ತೆ. ಒಟ್ಟು ಒಂದು ಲೋಟದಷ್ಟು, ಸುಮಾರು 150 ಮಿಲಿಲೀಟರ್. ದಿನಕ್ಕೆ ಅರ್ಧ ಲೀಟರ್ ಹೊಸದಾಗಿ ಊರುತ್ತೆ, ಹಳೇದು ಇಂಗುತ್ತೆ. ತಲೆಯಿಂದ ಬೆನ್ನಿಗೆ, ಬೆನ್ನಿಂದ ತಲೆಗೆ ಓಡಾಡ್ತಾ ಇರಬೇಕು. ನನಗೆ ತೂಬಿನಲ್ಲಿ ಹೂಳು ತುಂಬಿದಂಗೆ ಆಗಿದೆ. ಕೆಮ್ಮಿದಾಗ ನೀರು ನುಗ್ಗುತ್ತೆ, ದಾರಿ ಇಲ್ಲ, ಅದಕ್ಕೇ ನೋವು’ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾರೆ ತೂಬು ಅಗಲ ಮಾಡ್ತಾರೆ ಅನ್ನು’ ಅಂದರು. ಅಷ್ಟೇ. ಡಿಕಂಪ್ರೆಷನ್ ಸರ್ಜರಿ ಅಂದರೆ ಅದೇ. ಬುರುಡೆಯ ತಳದಲ್ಲಿ ಒಂದಿಷ್ಟು ಮೂಳೆ ತೆಗೀತಾರೆ, ಕುತ್ತಿಗೆಯ ಮೊದಲ ಮೂಳೆಯ ಹಿಂಭಾಗ ತೆಗೀತಾರೆ, ಬಹಳ ಜನರಿಗೆ ಮೆದುಳಿನ ಹೊದಿಕೆಯನ್ನು ಸೀಳಿ ಅಲ್ಲೊಂದು ತೇಪೆ ಹಾಕಿ ಜಾಗ ಹಿಗ್ಗಿಸ್ತಾರೆ. ಮೆದುಳಿನ ಒಳಗೆ ಕೈ ಹಾಕೋದಲ್ಲ, ಮೆದುಳಿಗೆ ಜಾಗ ಮಾಡಿಕೊಡೋದು.

2018ರ ನವೆಂಬರಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನನಗೆ ಆಪರೇಷನ್ ಆಯ್ತು. ಹಿಂದಿನ ರಾತ್ರಿ ವಾರ್ಡಿನಲ್ಲಿ ನಿದ್ದೆ ಬರಲಿಲ್ಲ. ಪಕ್ಕದ ಮಂಚದಲ್ಲಿ ಹಿರೇಕೆರೂರು ಕಡೆಯ ಒಬ್ಬ ಅಕ್ಕ ಇದ್ದರು. ನನ್ನದೇ ಆಪರೇಷನ್, ಎಂಟು ದಿನ ಮುಂಚೆ ಆಗಿತ್ತು. ಕುತ್ತಿಗೆ ತಿರುಗಿಸೋಕೆ ಆಗದೆ ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿ ಹೇಳಿದರು: ‘ಮೂರನೇ ದಿನ ಭಾಳ ಕೆಟ್ಟದಿರತೈತಿ ತಂಗಿ. ಯಾಕರ ಮಾಡಿಸಿಕೊಂಡೆನೋ ಅನಸ್ತೈತಿ. ನಾಕನೇ ದಿನ ಮುಂಜಾನಿ ಒಂದೀಟು ಬಿಡುವು ಕೊಡ್ತೈತಿ. ನನಗ ಹಂಗಾತು. ನಿನಗ ಹೆಂಗೋ ಗೊತ್ತಿಲ್ಲ.’

ಹದಿನೈದು ದಿನದಲ್ಲಿ ನನಗೆ ಧೈರ್ಯ ಕೊಟ್ಟ ಮಾತು ಅದೊಂದೇ. ವಿಚಿತ್ರ ಅಲ್ವಾ? ಆಕೆ ಹೇಳಿದ್ದು ಕೆಟ್ಟ ಸುದ್ದಿ. ಆದರೆ ಮೂರನೇ ದಿನ ಕತ್ತಿನ ಸ್ನಾಯು ಮರದ ಕೊರಡಿನ ಹಾಗೆ ಬಿಗಿದು, ನೀರು ಕುಡಿದರೂ ವಾಂತಿ ಬಂದು, ಯಾಕಾದ್ರೂ ಮಾಡಿಸಿಕೊಂಡೆನಪ್ಪಾ ಅನಿಸಿದಾಗ, ‘ಇದು ಮೂರನೇ ದಿನ, ಇದು ಹೀಗೇ ಇರುತ್ತೆ ಅಂತ ಹೇಳಿದ್ದರು’ ಅನ್ನೋದು ಹಿಡಿದುಕೊಳ್ಳೋಕೆ ಒಂದು ಕಂಬ ಸಿಕ್ಕ ಹಾಗೆ ಇತ್ತು. ಅಂದ ಹಾಗೆ, ನನಗೆ ಬಿಡುವು ಸಿಕ್ಕಿದ್ದು ನಾಲ್ಕನೇ ದಿನ ಅಲ್ಲ, ಐದನೇ ದಿನ. ಆದರೂ ಆಕೆ ಸುಳ್ಳು ಹೇಳಿದರು ಅಂತ ಅನಿಸಲಿಲ್ಲ. ‘ನನಗ ಹಂಗಾತು’ ಅಂದಿದ್ದರಲ್ಲ.

ಡಿಸ್‌ಚಾರ್ಜ್ ಆಗಿ ಊರಿಗೆ ಬಂದಾಗ ಭತ್ತದ ಕೊಯ್ಲು ನಡೀತಿತ್ತು. ಆರು ವಾರ ಭಾರ ಎತ್ತಬಾರದು, ಬಗ್ಗಬಾರದು. ತಲೆಯ ಹಿಂದೆ ಕೂದಲು ಬೋಳಿಸಿದ ಪಟ್ಟಿ, ನಡುವೆ ಹೊಲಿಗೆಯ ಗುರುತು. ನೋಡೋಕೆ ಬಂದವರು ಏನಾಗಿತ್ತು ಅಂತ ಕೇಳಿದರೆ ಅಮ್ಮ ಒಂದೇ ಉತ್ತರ ಕೊಡುತ್ತಿದ್ದರು: ‘ಕುತ್ತಿಗೀದು ಒಂದು ಸಣ್ಣ ಆಪರೇಷನ್.’ ನಾನು ಮಧ್ಯೆ ಬಾಯಿ ಹಾಕಿದರೆ ಕಣ್ಣಲ್ಲೇ ಸುಮ್ಮನಾಗಿಸುತ್ತಿದ್ದರು. ಕಾರಣ ನನಗೆ ಗೊತ್ತಿತ್ತು. ನನಗಾಗ ಇಪ್ಪತ್ತೊಂಬತ್ತು, ಮದುವೆ ಆಗಿಲ್ಲ. ‘ತಲೆ ಆಪರೇಷನ್’ ಅಂದರೆ ಒಂದು ಕಥೆ, ‘ನಿಮ್ಹಾನ್ಸ್’ ಅಂದರೆ ಇನ್ನೊಂದು ಕಥೆ. ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎರಡೂ ಸೇರಿ 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ಆಯ್ತು. ಅಲ್ಲಿ ನರಶಸ್ತ್ರಚಿಕಿತ್ಸೆ ಇಷ್ಟು ವರ್ಷದಿಂದ ನಡೀತಿದ್ದರೂ ನಮ್ಮ ಕಡೆ ಆ ಹೆಸರಿಗೆ ಅಂಟಿಕೊಂಡಿರೋದು ಹಳೇ ನೆನಪೇ. ಮನಸ್ಸಿನ ಕಾಯಿಲೆಗೆ ಹೋದರೆ ತಾನೇ ಏನು ತಪ್ಪು ಅಂತ ನಾನು ವಾದ ಮಾಡಬಹುದಿತ್ತು. ಮಾಡಲಿಲ್ಲ. ನೋವಿತ್ತು, ಸುಸ್ತಿತ್ತು, ಅಮ್ಮನ ಉತ್ತರ ನನಗೂ ಅನುಕೂಲವಾಗಿತ್ತು.

ಮತ್ತೆ ಅದು ಪೂರ್ತಿ ಸುಳ್ಳೂ ಅಲ್ಲ ನೋಡಿ. ಕೊಯ್ದದ್ದು ಕುತ್ತಿಗೆಯ ಹಿಂದೆಯೇ. ಧರ್ಮರಾಯ ‘ಅಶ್ವತ್ಥಾಮ ಸತ್ತ’ ಅಂತ ಜೋರಾಗಿ, ‘ಆನೆ’ ಅಂತ ಮೆಲ್ಲಗೆ ಹೇಳಿದ ಹಾಗೆ. ಅಲ್ಲಿಯವರೆಗೂ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಆ ಮಾತಾದ ಮೇಲೆ ನೆಲಕ್ಕೆ ಇಳೀತು ಅಂತಾರೆ. ಅವನ ರಥ ಇಳಿದದ್ದು ನಾಲ್ಕು ಬೆರಳು, ನನ್ನ ಕಿರುಮೆದುಳು ಇಳಿದದ್ದು ಹನ್ನೊಂದು ಮಿಲಿಮೀಟರ್. ಹಾಸಿಗೆಯಲ್ಲಿ ಮಲಗಿ ನಗು ಬಂತು. ಹೊಲಿಗೆ ಎಳೆದು ನೋವಾಯ್ತು, ಆದರೆ ಆ ಸುತ್ತಿಗೆ ಏಟು ಬರಲಿಲ್ಲ. ಆಪರೇಷನ್ ಆದಮೇಲೆ ನಾನು ಮೊದಲ ಸಲ ಜೋರಾಗಿ ನಕ್ಕಿದ್ದು ಅವತ್ತೇ.

ಎರಡೂವರೆ ತಿಂಗಳಿಗೆ ಆಫೀಸಿಗೆ ವಾಪಸ್ ಹೋದೆ. ಆಗ ಫೋನುಗಳು ಶುರುವಾದವು. ವಾರ್ಡಿನಲ್ಲಿ ಪರಿಚಯ ಆದವರು, ಅವರ ಪರಿಚಯದವರು, ‘ನಮ್ಮ ಕಡೆಯ ಹುಡುಗಿ ಒಬ್ಬಳಿಗೆ ಆಗಿದೆಯಂತೆ’ ಅಂತ ನಂಬರ್ ಇಸ್ಕೊಂಡವರು. ಹೆಚ್ಚಿನವರು ಕೇಳುತ್ತಿದ್ದದ್ದು ಸಣ್ಣ ಪ್ರಶ್ನೆಗಳು. ಜೊತೆಗೆ ಬಂದವರು ಎಲ್ಲಿ ಉಳಿಯಬೇಕು? ಆಯುಷ್ಮಾನ್ ಕಾರ್ಡಿಗೆ ಏನೇನು ಕಾಗದ ಬೇಕು? ಇದಕ್ಕೆಲ್ಲ ಉತ್ತರ ಸಲೀಸು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ತಲೆ ಮೇಲಿಂದ ಹಾಕೋ ಬಟ್ಟೆ ಬೇಡ, ಮುಂದೆ ಗುಂಡಿ ಇರೋ ಅಂಗಿ ತಗೊಂಡು ಹೋಗಿ. ನೀರು ಕುಡಿಯೋಕೆ ಸ್ಟ್ರಾ ಇರಲಿ, ತಲೆ ಎತ್ತೋಕೆ ಆಗಲ್ಲ. ಹೀಗೆ ಹೇಳಿ ಮುಗಿಸುವಾಗ ಎಲ್ಲರೂ ಒಂದು ಕ್ಷಣ ತಡೆದು ದೊಡ್ಡ ಪ್ರಶ್ನೆ ಕೇಳುತ್ತಿದ್ದರು: ‘ಮೇಡಂ, ಸರಿ ಹೋಗುತ್ತಲ್ವಾ?’

2019ರ ಮಾರ್ಚಿನಲ್ಲಿ ಹೊನ್ನಾಳಿ ಕಡೆಯ ಒಬ್ಬರು ಫೋನ್ ಮಾಡಿದರು. ಇನ್ನೊಬ್ಬರ ಟ್ರ್ಯಾಕ್ಟರ್ ಓಡಿಸೋ ಕೆಲಸ. ‘ಭಾಳ ಹೆದರಿಕೆ ಆಗ್ತೈತಿ ತಂಗಿ’ ಅಂದರು. ಗಂಡಸು, ನನಗಿಂತ ಹತ್ತು ವರ್ಷ ದೊಡ್ಡವರು, ಗುರುತಿಲ್ಲದ ಹುಡುಗಿಗೆ ಹೆದರಿಕೆ ಆಗ್ತಿದೆ ಅಂತ ಹೇಳಬೇಕಾದರೆ ಎಷ್ಟು ಹೆದರಿರಬೇಕು. ನನಗೆ ತಡೆಯೋಕೆ ಆಗಲಿಲ್ಲ. ‘ಏನೂ ಆಗಲ್ಲ ಅಣ್ಣ. ನನ್ನನ್ನೇ ನೋಡಿ, ಎರಡೂವರೆ ತಿಂಗಳಿಗೆ ಕೆಲಸಕ್ಕೆ ಹೋದೆ’ ಅಂದೆ. ಅವರ ಉಸಿರು ಹಗುರಾದದ್ದು ಫೋನಲ್ಲೇ ಕೇಳಿಸಿತು. ನನಗೂ ಒಳ್ಳೇ ಕೆಲಸ ಮಾಡಿದ ಖುಷಿ.

ಅವರಿಗೆ ತೇಪೆ ಹಾಕಿದ ಜಾಗದಲ್ಲಿ ನೀರು ಸೋರಿತು. ಈ ಆಪರೇಷನ್ನಿನಲ್ಲಿ ಆಗಬಹುದಾದ ತೊಂದರೆ ಅದು. ಯಾರ ತಪ್ಪೂ ಆಗಿರಬೇಕಿಲ್ಲ. ಸೋಂಕಾಯ್ತು, ಎರಡನೇ ಸಲ ಆಪರೇಷನ್ ಆಯ್ತು. ಮೇ ತಿಂಗಳಲ್ಲಿ ಅವರ ಹೆಂಡತಿ ಫೋನ್ ಮಾಡಿದರು. ಬೈಯೋಕೆ ಅಲ್ಲ. ಎರಡನೇ ಆಪರೇಷನ್ ಆದಮೇಲೆ ಎಷ್ಟು ದಿನ ಮಲಗಬೇಕಾಗುತ್ತೆ ಅಂತ ಕೇಳೋಕೆ. ನನಗೆ ಗೊತ್ತಿರಲಿಲ್ಲ. ಮಾತಿನ ನಡುವೆ ಹೇಳಿದರು: ‘ನೀವು ಎರಡೂವರೆ ತಿಂಗಳು ಅಂದಿದ್ರಲ್ಲ, ನಮ್ಮನೆಯವರು ಮಾಲೀಕ್ರಿಗೆ ಹಂಗೇ ಹೇಳಿ ಬಂದಿದ್ರು. ಈಗ ಆಗಲ್ಲ ಅಂತ ಗೊತ್ತಾಗಿ ಅವರು ಬ್ಯಾರೆ ಡ್ರೈವರ್ ಇಟ್ಕೊಂಡ್ರು. ಕೈಯಾಗ ಇನ್ನೊಂದು ಸ್ವಲ್ಪ ದುಡ್ಡು ಹೊಂದಿಸಿಕೊಂಡು ಹೋಗಬೇಕಿತ್ತು.’

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾನು ಸುಳ್ಳು ಹೇಳಿದ್ದೆನಾ? ಮೋಸ ಮಾಡೋ ಉದ್ದೇಶ ಇರಲಿಲ್ಲ. ಸುಳ್ಳು ಅಂತ ಗೊತ್ತಿದ್ದು ಹೇಳಿದ್ದಲ್ಲ. ಆದರೆ ನಿಜ ಅಂತ ಗೊತ್ತಿದ್ದು ಹೇಳಿದ್ದೂ ಅಲ್ಲ. ನನಗೆ ಆದದ್ದನ್ನು ಎಲ್ಲರಿಗೂ ಆಗುವ ನಿಯಮ ಅನ್ನೋ ಹಾಗೆ ಹೇಳಿದ್ದೆ. ಮಳೆ ಬರೋಕೆ ಮುಂಚೆ ಊರು ಸೇರಿದವನು ಹಿಂದೆ ಬರ್ತಿರೋರಿಗೆ ‘ದಾರಿ ಒಣಗಿದೆ, ಬನ್ನಿ’ ಅಂದ ಹಾಗೆ. ಇನ್ನೊಂದು ವಿಷಯವೂ ಹೊಳೀತು. ಧೈರ್ಯ ಹೇಳಿ ಅಂತ ನಂಬರ್ ಹಂಚಿಕೊಳ್ಳೋದು ಚೆನ್ನಾಗಿ ಆದವರದ್ದು ಮಾತ್ರ. ಚೆನ್ನಾಗಿ ಆಗದವರ ನಂಬರ್ ಯಾರೂ ಯಾರಿಗೂ ಕೊಡಲ್ಲ. ಹಾಗಾಗಿ ಹೊಸ ರೋಗಿಯ ಕಿವಿಗೆ ಬೀಳೋದೆಲ್ಲ ಗೆದ್ದವರ ಕಥೆಯೇ.

ಅಲ್ಲಿಂದ ನಾನು ಪೂರ್ತಿ ಉಲ್ಟಾ ಹೊಡೆದೆ. ಇನ್ನು ಮೇಲೆ ನಿಜ, ನಿಜ ಬಿಟ್ಟು ಬೇರೆ ಇಲ್ಲ. ಚಿಕ್ಕಂದಿನಲ್ಲಿ ಪುಣ್ಯಕೋಟಿಯ ಕಥೆ ಕೇಳಿ ಬೆಳೆದವಳು ನಾನು. ಕೊಟ್ಟ ಮಾತಿಗೆ ಹುಲಿಯ ಬಾಯಿಗೇ ವಾಪಸ್ ಹೋದ ಹಸು ಅದು. ದೂರದ ಜರ್ಮನಿಯ ಕಾಂಟ್ 1797ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಕೊಲ್ಲೋಕೆ ಬಂದವನು ನಿಮ್ಮ ಗೆಳೆಯ ಮನೆಯಲ್ಲಿ ಇದ್ದಾನಾ ಅಂತ ಕೇಳಿದರೂ ಸುಳ್ಳು ಹೇಳಬಾರದು ಅಂತ ವಾದ ಮಾಡ್ತಾನೆ. ನನಗೆ ಆಗ ಅದು ಸರಿ ಅನಿಸಿತು. ಪರಿಣಾಮದ ಲೆಕ್ಕ ಹಾಕೋಕೆ ನಾವು ಯಾರು? ನಿಜ ಹೇಳಿಬಿಟ್ಟರೆ ಕೈ ತೊಳೆದುಕೊಂಡ ಹಾಗೆ.

ಜೂನ್ ತಿಂಗಳಲ್ಲಿ ಚನ್ನಗಿರಿ ಕಡೆಯ ಒಬ್ಬ ತಂದೆ ಫೋನ್ ಮಾಡಿದರು. ಮಗಳು ಡಿಗ್ರಿ ಓದ್ತಿದ್ದಾಳೆ, ಬಲಗೈ ಜೋಮು ಹಿಡೀತಿದೆ. ನಾನು ಒಂದೊಂದಾಗಿ ಹೇಳಿದೆ. ನೀರು ಸೋರಬಹುದು. ಸೋಂಕಾಗಬಹುದು. ಇನ್ನೊಂದು ಸಲ ಆಪರೇಷನ್ ಬೇಕಾಗಬಹುದು. ಹೋದ ಸ್ಪರ್ಶ ಬರದೇ ಇರಬಹುದು. ನನ್ನ ತಲೆನೋವು ಹೋಯ್ತು, ಎಡಗೈಗೆ ಬಿಸಿ ಇನ್ನೂ ಗೊತ್ತಾಗಲ್ಲ. ಅಪರೂಪಕ್ಕೆ ಜೀವಕ್ಕೂ ಅಪಾಯ ಇದೆ. ಎಲ್ಲಾ ನಿಜ. ಅವರು ಕೊನೆಗೆ ‘ಆಯ್ತವ್ವಾ’ ಅಂದು ಫೋನ್ ಇಟ್ಟರು. ಆಪರೇಷನ್ ಮಾಡಿಸಲಿಲ್ಲ. ಯಾರೋ ಹೇಳಿದ ನಾಟಿ ಔಷಧಿಗೆ ಹೋದರು. ಡಿಸೆಂಬರಿನಲ್ಲಿ ಆ ಹುಡುಗಿಯೇ ನನಗೆ ಫೋನ್ ಮಾಡಿದಳು. ಪರೀಕ್ಷೆಯಲ್ಲಿ ಅರ್ಧ ಗಂಟೆಯ ಮೇಲೆ ಪೆನ್ನು ಹಿಡಿಯೋಕೆ ಆಗಲಿಲ್ಲ ಅಂತ. ಡಾಕ್ಟರ್ ಈಗಲಾದರೂ ಮಾಡಿಸಿ, ಆದರೆ ಹೋದ ಶಕ್ತಿ ಪೂರ್ತಿ ಬರುತ್ತೆ ಅಂತ ಹೇಳೋಕೆ ಆಗಲ್ಲ ಅಂದಿದ್ದಾರೆ ಅಂತ. ‘ಅಪ್ಪ ಅವತ್ತು ನಿಮ್ಮ ಹತ್ರ ಮಾತಾಡಿದ ಮೇಲೆ ಬೇಡ ಅಂದುಬಿಟ್ರು ಅಕ್ಕ.’

ಈಗ ಹೇಳಿ. ಒಂದು ಸಲ ಸಮಾಧಾನ ಹೇಳಿ ಕೆಡಿಸಿದೆ, ಒಂದು ಸಲ ನಿಜ ಹೇಳಿ ಕೆಡಿಸಿದೆ. ಫೋನ್ ಎತ್ತೋದೇ ಬಿಡೋಣ ಅನಿಸಿತು. ಎತ್ತದಿದ್ದರೆ ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಆದರೆ ಹಿರೇಕೆರೂರಿನ ಅಕ್ಕ ಅವತ್ತು ನೋವಿನಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದರೆ ನನ್ನ ಮೂರನೇ ದಿನ ಹೇಗಿರುತ್ತಿತ್ತು ಅಂತಲೂ ನೆನಪಾಗುತ್ತಿತ್ತು. ನಾನು ಸಾಲ ತೀರಿಸಬೇಕಾದದ್ದು ಆಕೆಗಲ್ಲ, ನನ್ನ ಹಿಂದೆ ಬರ್ತಿರೋರಿಗೆ.

ಡಾಕ್ಟರುಗಳಿಗೆ ಇದಕ್ಕೊಂದು ನಿಯಮ ಇದೆಯಾ ಅಂತ ಹುಡುಕಿದೆ. ಇದೆ. 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರೋಗಿಯ ಒಪ್ಪಿಗೆ ಅಂದರೆ ಏನು ಅಂತ ವಿವರಿಸಿದೆ. ಚಿಕಿತ್ಸೆ ಏನು, ಯಾಕೆ, ಬೇರೆ ದಾರಿ ಇದೆಯಾ, ಮುಖ್ಯ ಅಪಾಯಗಳೇನು, ಚಿಕಿತ್ಸೆ ಬೇಡ ಅಂದರೆ ಏನಾಗುತ್ತೆ, ಇಷ್ಟನ್ನೂ ರೋಗಿಗೆ ತಿಳಿಸಬೇಕು. ಆದರೆ ಹೆದರಿಸಿ ದಾರಿ ತಪ್ಪಿಸುವಂಥ ತೀರಾ ದೂರದ ಅಪಾಯಗಳನ್ನೆಲ್ಲ ಪಟ್ಟಿ ಮಾಡಬೇಕಿಲ್ಲ. ಓದಿದಾಗ ನನ್ನ ತಪ್ಪು ಎದುರಿಗೆ ಬಂದು ನಿಂತಿತು. ಚನ್ನಗಿರಿಯ ತಂದೆಗೆ ನಾನು ಮಾಡಿಸಿದರೆ ಏನಾಗಬಹುದು ಅಂತ ಉದ್ದಕ್ಕೆ ಹೇಳಿದ್ದೆ. ಮಾಡಿಸದಿದ್ದರೆ ಏನಾಗಬಹುದು ಅಂತ ಒಂದು ಮಾತೂ ಹೇಳಿರಲಿಲ್ಲ. ನನ್ನ ಪಟ್ಟಿಯಲ್ಲಿ ಸುಳ್ಳು ಒಂದೂ ಇರಲಿಲ್ಲ, ಆದರೆ ಪಟ್ಟಿಯೇ ಅರ್ಧ. ಅಮ್ಮನ ‘ಕುತ್ತಿಗೆ ಆಪರೇಷನ್’ ಥರದ್ದೇ ನಿಜ ಅದು. ಅಮ್ಮ ಒಳ್ಳೇದಾಗಲಿ ಅಂತ ಅರ್ಧ ಹೇಳಿದರು, ನಾನು ಕೈ ತೊಳೆದುಕೊಳ್ಳೋಕೆ ಅರ್ಧ ಹೇಳಿದೆ. ಸತ್ಯ ಹೇಳೋದರಲ್ಲೂ ಸ್ವಾರ್ಥ ಇರಬಹುದು ಅಂತ ನನಗೆ ಅಲ್ಲಿಯತನಕ ಹೊಳೆದಿರಲಿಲ್ಲ.

ಮತ್ತೆ, ಡಾಕ್ಟರಿನ ನಿಯಮ ಡಾಕ್ಟರಿಗೆ. ಅವರು ನೂರಾರು ಜನರನ್ನು ನೋಡಿರ್ತಾರೆ. ನಾನು ನೋಡಿರೋದು ನನ್ನೊಬ್ಬಳ ಕುತ್ತಿಗೆ. ಸರಿ ಹೋಗುತ್ತಾ ಅನ್ನೋ ಪ್ರಶ್ನೆಗೆ ಉತ್ತರ ನನ್ನ ಹತ್ರ ಇಲ್ಲವೇ ಇಲ್ಲ. ಇಲ್ಲದ್ದನ್ನು ಕೊಡೋಕೆ ಹೋಗಿದ್ದೇ ಎರಡೂ ಸಲ ಆದ ತಪ್ಪು. ನನ್ನ ಹತ್ರ ಇರೋದು ಎರಡೇ: ನನಗೆ ಏನಾಯ್ತು ಅನ್ನೋದು, ಮತ್ತೆ ನಾನು ಏನು ಮಾಡಬಲ್ಲೆ ಅನ್ನೋದು. ಮೊದಲನೇದಕ್ಕೆ ‘ನನಗೆ ಹಂಗಾಯ್ತು’ ಅಂತ ಸೇರಿಸಬೇಕು. ಎರಡನೇದಕ್ಕೆ ಅಳತೆ ಇರಬೇಕು. ನಾಲ್ಕನೇ ದಿನ ಫೋನ್ ಮಾಡ್ತೀನಿ ಅಂತ ಹಾವೇರಿಯ ಒಬ್ಬರಿಗೆ ಹೇಳಿ, ಆಫೀಸಿನಲ್ಲಿ ರಿಲೀಸ್ ಇದ್ದು ಮರೆತು, ಎಂಟನೇ ದಿನ ಮಾಡಿದ್ದೀನಿ. ಅವರು ಏನೂ ಅನ್ನಲಿಲ್ಲ. ಕಾದಿದ್ದರು ಅಂತ ಮಾತ್ರ ಗೊತ್ತಾಯ್ತು. ಅದಾದಮೇಲೆ ಮೊಬೈಲಿನಲ್ಲಿ ರಿಮೈಂಡರ್ ಇಡದೆ ಯಾರಿಗೂ ಮಾತು ಕೊಡಲ್ಲ.

2020ರ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ನಾಲೆಗೆ ನೀರು ಬಿಟ್ಟಿದ್ದರು, ಬೇಸಿಗೆ ಭತ್ತದ ಕೆಲಸ ನಡೀತಿತ್ತು. ಪಕ್ಕದ ಹಳ್ಳಿಯಿಂದ ಒಬ್ಬ ತಾಯಿ ಮಗನನ್ನು ಕರ್ಕೊಂಡು ಮನೆಗೇ ಬಂದರು. ಹುಡುಗನಿಗೆ ಇಪ್ಪತ್ತೆರಡು ಇರಬಹುದು, ಐಟಿಐ ಮುಗಿಸಿದ್ದಾನೆ. ಮುಂದಿನ ತಿಂಗಳು ಆಪರೇಷನ್. ಹುಡುಗ ಸುಮ್ಮನೆ ಕೂತಿದ್ದ. ನಾನು ನನಗೆ ಆದದ್ದು ಹೇಳಿದೆ. ಮಾಡಿಸಿದರೂ ಮಾಡಿಸದಿದ್ದರೂ ಏನು ಅಂತ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ತಾಯಿ ಚೀಟಿ ನೋಡಲೇ ಇಲ್ಲ. ನನ್ನ ಕೈ ಹಿಡಿದುಕೊಂಡು, ‘ಅದೆಲ್ಲಾ ಇರ್ಲವ್ವ. ದೇವ್ರ ಮ್ಯಾಲೆ ಆಣಿ ಮಾಡಿ ಹೇಳು, ನನ್ ಮಗಗ ಏನೂ ಆಗಲ್ಲ ಅಂತ’ ಅಂದರು.

ಅವರು ಹಿಡಿದದ್ದು ನನ್ನ ಎಡಗೈ. ಅವರ ಕೈ ಬೆಚ್ಚಗಿತ್ತೋ ತಣ್ಣಗಿತ್ತೋ ನನಗೆ ಗೊತ್ತಾಗಲಿಲ್ಲ. ಬಿಗಿ ಮಾತ್ರ ಗೊತ್ತಾಯ್ತು. ಇಷ್ಟೆಲ್ಲ ಯೋಚನೆ ಮಾಡಿದವಳು, ಆ ಕ್ಷಣದಲ್ಲಿ ‘ಏನೂ ಆಗಲ್ಲ’ ಅನ್ನೋ ಮಾತು ತುಟಿತನಕ ಬಂದಿತ್ತು. ನನಗೆ ಆ ಮಾತು ಹೇಳಿದವರ ಮೇಲಿನ ಸಿಟ್ಟು ಅವತ್ತೇ ಹೋಯ್ತು. ಅವರಿಗೂ ಹೀಗೇ ಯಾರದೋ ಕಣ್ಣು ನೋಡಿ ತಡೆಯೋಕೆ ಆಗಿರಲಿಕ್ಕಿಲ್ಲ.

ಅಷ್ಟರಲ್ಲಿ ಎಳ್ಳುಬೆಲ್ಲದ ತಟ್ಟೆ ಹಿಡಿದು ಅಮ್ಮ ಬಂದರು. ಪಡಸಾಲೆಯಲ್ಲಿ ಎಳ್ಳು ಬೀರೋಕೆ ಬಂದ ಪಕ್ಕದ ಮನೆಯವರೂ ಇದ್ದರು, ಒಂದು ವರ್ಷದಿಂದ ‘ಕುತ್ತಿಗೆ ಆಪರೇಷನ್’ ಕಥೆ ಕೇಳಿದವರು. ಅಮ್ಮ ತಟ್ಟೆ ಕೆಳಗಿಟ್ಟು ಆ ತಾಯಿಯ ಪಕ್ಕ ಚಾಪೆ ಮೇಲೆ ಕೂತರು. ‘ಏನಾಗ್ತೈತಿ ಅಂತ ಇವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ ರೀ. ನನಗೆ ಏನಾತು ಅಂತ ಹೇಳ್ತೀನಿ ಕೇಳ್ರಿ. ಇವಳದು ತಲೆ ಆಪರೇಷನ್ನು. ತಲೀದೇ. ಬೆಳಿಗ್ಗೆ ಎಂಟಕ್ಕೆ ಒಳಗೆ ಕರ್ಕಂಡು ಹೋದ್ರು, ಮಧ್ಯಾಹ್ನ ಮೂರಾದ್ರೂ ಸುದ್ದಿ ಇಲ್ಲ. ನಾನು ಹೊರಗ ಕುಂತು ಒಂದು ಬನ್ನು ತಿನ್ನಕ್ಕೂ ಆಗ್ದೆ ಕೈಯಾಗ ಹಿಡ್ಕಂಡಿದ್ದೆ. ಇವರಪ್ಪ ಬಾತ್‌ರೂಮಿಗೆ ಹೋಗಿ ಅತ್ತು ಬಂದ್ರು. ಮೂರನೇ ದಿನ ಇವಳು ನನ್ನ ಗುರುತು ಸಿಕ್ಕರೂ ಮಾತಾಡ್ಲಿಲ್ಲ. ನಾನು ಸಾಯ್ತೀನಿ ಅನ್ನಿಸ್ತು ರೀ ನನಗೆ, ಇವಳಲ್ಲ. ನೀವು ಹೋಗ್ವಾಗ ಒಬ್ರೇ ಹೋಗಬ್ಯಾಡ್ರಿ. ನಿಮ್ಮ ಜೊತಿಗೆ ಇನ್ನೊಬ್ರನ್ನ ಕರ್ಕಂಡು ಹೋಗ್ರಿ. ರೋಗಿ ಜೊತಿಗಲ್ಲ, ನಿಮ್ಮ ಜೊತಿಗೆ.’

ಆ ತಾಯಿ ಅಳೋಕೆ ಶುರು ಮಾಡಿದರು. ಅಮ್ಮ ಸುಮ್ಮನೆ ಪಕ್ಕದಲ್ಲಿ ಕೂತಿದ್ದರು. ಸಮಾಧಾನ ಹೇಳಲಿಲ್ಲ. ಪಕ್ಕದ ಮನೆಯವರು ನನ್ನ ತಲೆಯ ಹಿಂಭಾಗ ನೋಡಿ ಮುಖ ತಿರುಗಿಸಿಕೊಂಡರು. ಆ ಕ್ಷಣದಿಂದ ಊರಿಗೆಲ್ಲ ಗೊತ್ತಾಗುತ್ತೆ ಅಂತ ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ನಾನು ಅಲ್ಲಿತನಕ ಅಂದುಕೊಂಡಿದ್ದು, ಹೊಸ ರೋಗಿಗೆ ಹಳೇ ರೋಗಿ ಅಂದರೆ ನಾನು ಅಂತ. ಆ ತಾಯಿಗೆ ಬೇಕಾಗಿದ್ದ ಹಳೇ ರೋಗಿ ನಮ್ಮಮ್ಮ. ಒಂದು ವರ್ಷ ಅಮ್ಮ ಕಾಪಾಡಿಕೊಂಡು ಬಂದಿದ್ದ ಅರ್ಧ ನಿಜ ನನ್ನ ಮದುವೆಗೆ ಅಂತ ನಾನು ತಿಳಿದಿದ್ದೆ. ಆದರೆ ಆ ಬನ್ನು, ಆ ಬಾತ್‌ರೂಮು, ಇದನ್ನೆಲ್ಲ ಅವರು ನನಗೂ ಹೇಳಿರಲಿಲ್ಲ. ಸಣ್ಣ ಆಪರೇಷನ್ ಅಂತ ಊರಿಗೆ ಹೇಳಿದವರು ತಮ್ಮ ದೊಡ್ಡ ಹೆದರಿಕೆಯನ್ನು ಹೇಳಿಕೊಳ್ಳೋದು ಯಾರ ಹತ್ರ?

ಸಂಜೆ ಅಮ್ಮ, ನಾನು ಕೊಮಾರನಹಳ್ಳಿಗೆ ಹೋದೆವು. ಹೆಳವನಕಟ್ಟೆ ರಂಗನಾಥನ ಗುಡಿ ಇರೋ ಊರು, ಕೀರ್ತನೆಗಳನ್ನು ಹಾಡಿದ ಗಿರಿಯಮ್ಮನ ಹೆಸರಿನ ಜೊತೆಗೂ ಸೇರಿಕೊಂಡ ಜಾಗ. ಹೆಳವ ಅಂದರೆ ಕಾಲಿಲ್ಲದವನು. ನಮ್ಮ ಕಡೆ ದೇವರನ್ನೂ ಹಾಡುಗಾರ್ತಿಯನ್ನೂ ಗುರುತು ಹಿಡಿಯೋದು ಕಾಲಿಲ್ಲದ ಒಬ್ಬನ ಕಟ್ಟೆಯಿಂದ. ಆ ಹೆಸರನ್ನು ಯಾರೂ ಮುಚ್ಚಿಟ್ಟಿಲ್ಲ, ಯಾರೂ ನಾಚಿಕೊಂಡಿಲ್ಲ. ಕೆರೆ ಪಕ್ಕದಲ್ಲಿ ನಡೀತಾ, ‘ಮತ್ತೆ ಮದುವೆ ಗತಿ ಏನಮ್ಮಾ?’ ಅಂತ ತಮಾಷೆಗೆ ಕೇಳಿದೆ. ‘ಬರೋನು ತಲಿ ನೋಡೇ ಬರ್ಲಿ ಬಿಡು’ ಅಂದರು.

ಫೆಬ್ರವರಿಯಲ್ಲಿ ಆ ಹುಡುಗನಿಗೆ ಆಪರೇಷನ್ ಆಯ್ತು. ತಾಯಿ ಜೊತೆಗೆ ತಮ್ಮ ತಂಗಿಯನ್ನೂ ಕರ್ಕೊಂಡು ಹೋಗಿದ್ದರು. ನಾಲ್ಕನೇ ದಿನ ಬೆಳಿಗ್ಗೆ ಏಳೂವರೆಗೆ ರಿಮೈಂಡರ್ ಬಡೀತು, ಫೋನ್ ಮಾಡಿದೆ. ತಾಯಿ ಮಗನ ಕಿವಿಗೆ ಫೋನ್ ಹಿಡಿದರು.

‘ನಿನ್ನೆ ಭಾಳ ಕೆಟ್ಟದಿತ್ತು ಅಕ್ಕ’ ಅಂದ. ದನಿ ತಳದಿಂದ ಬರ್ತಿತ್ತು.

‘ಇವತ್ತು?’

‘ಇವತ್ತೂ ಹಂಗೇ ಐತಿ.’

ಏನು ಹೇಳಬೇಕು ಅಂತ ಸ್ವಲ್ಪ ಹೊತ್ತು ಯೋಚನೆ ಮಾಡಿದೆ. ಆಮೇಲೆ ಹೇಳಿದೆ: ‘ನನಗೆ ಕಮ್ಮಿ ಆಗಿದ್ದು ಐದನೇ ದಿನ ಕಣೋ. ನಿನಗೆ ಹೆಂಗೋ ಗೊತ್ತಿಲ್ಲ. ನಾಳೆ ಇದೇ ಟೈಮಿಗೆ ಮತ್ತೆ ಮಾಡ್ತೀನಿ.’

ಮೊಬೈಲಿನಲ್ಲಿ ಇನ್ನೊಂದು ರಿಮೈಂಡರ್ ಇಟ್ಟೆ.